2 ಎಂಜಿ ನಿಕೋಟಿನ್ ಗಮ್: ವೇಪ್ ನಿಷೇಧದ ನಂತರ ಮೆಡಿಕಲ್ ಅಂಗಡಿಯಲ್ಲಿ ಉಳಿದ ದಾರಿ

ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯಲ್ಲಾಗಲಿ, ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ ಮೆಡಿಕಲ್ ಅಂಗಡಿಗೆ ಹೋಗಿ ‘ನಿಕೋಟಿನ್ ಗಮ್ ಐತೇನ್ರೀ?’ ಎಂದು ಕೇಳಿದರೆ ಬರುವ ಮರುಪ್ರಶ್ನೆ ‘ಎರಡೋ, ನಾಲ್ಕೋ?’ ಎಂಬುದು. ತಂಬಾಕು, ಸಿಗರೇಟು, ವೇಪ್ (ಇ-ಸಿಗರೇಟ್) ಬಿಡುವವರು ಆಸೆ ತಣಿಸಿಕೊಳ್ಳಲು ಅಗಿಯುವ ಈ ಗಮ್ ಒಂದೊಂದರಲ್ಲಿ ಚಟ ಹಿಡಿಸುವ ನಿಕೋಟಿನ್ 2 ಎಂಜಿಯೋ 4 ಎಂಜಿಯೋ ಇರುತ್ತದೆ, ಪ್ರಶ್ನೆ ಅದರದು. ಇದಕ್ಕೆ ಉತ್ತರ ಗೊತ್ತಿಲ್ಲದೆ ಕೊಂಡು ಹೋದವರೇ ವಾರ ಕಳೆಯುವುದರೊಳಗೆ ‘ಅದರಿಂದ ಏನೂ ಆಗಲಿಲ್ಲ’ ಎಂದು ಸ್ಟ್ರಿಪ್ಪನ್ನು ಮೂಲೆಗೆ ಎಸೆಯುತ್ತಾರೆ. ವಸ್ತುವಿಗೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ಅದನ್ನು ಕೊಳ್ಳುವವರ ಕೈಗೆ ಒಂದು ಮಾತೂ ಹೇಳದೆ ಕೊಟ್ಟು ಕಳಿಸುವ ರೀತಿಗೆ ಎರಡಕ್ಕಿಂತ ಹೆಚ್ಚು ಕೊಡಲಾಗದು.

ಮೊದಲು ಆ ಪ್ರಶ್ನೆಗೇ ಉತ್ತರ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಸಿಗರೇಟು, ಬೀಡಿ ಅಥವಾ ವೇಪ್ ಬೇಕೇ ಬೇಕು ಎನ್ನುವವರಿಗೆ 4 ಎಂಜಿ. ಅದಕ್ಕಿಂತ ತಡೆದುಕೊಳ್ಳಬಲ್ಲವರಿಗೆ 2 ಎಂಜಿ. ದಿನಕ್ಕೆ ಎಷ್ಟು ಸೇದುತ್ತೀರಿ ಎಂಬ ಲೆಕ್ಕಕ್ಕಿಂತ ಇದು ಹೆಚ್ಚು ನಂಬಿಕೆಗೆ ಅರ್ಹ. 2 ಎಂಜಿ ಗಮ್‌ಗೆ ವೈದ್ಯರ ಚೀಟಿ ಬೇಕಿಲ್ಲ, 4 ಎಂಜಿಗೆ ಬೇಕು. ಬೆಲೆ ನೋಡುವಾಗ ಸ್ಟ್ರಿಪ್ಪಿನ ಎಂಆರ್‌ಪಿಯನ್ನು ಅದರಲ್ಲಿರುವ ಗಮ್‌ಗಳ ಸಂಖ್ಯೆಯಿಂದ ಭಾಗಿಸಿ ಹೋಲಿಸಿ, ಏಕೆಂದರೆ ಒಂದೊಂದು ಕಂಪನಿಯ ಸ್ಟ್ರಿಪ್ಪಿನಲ್ಲಿ ಒಂದೊಂದು ಲೆಕ್ಕ ಇರುತ್ತದೆ. ಪುದೀನಾ ರುಚಿಯದು ಎಲ್ಲ ಕಡೆ ಸಿಗುತ್ತದೆ. ಸಿಪ್ಲಾದ ನಿಕೋಟೆಕ್ಸ್‌ನಲ್ಲಿ ಪಾನ್ ರುಚಿಯದೂ ಇದೆ. ಗುಟ್ಕಾ ಬಿಡುವವರಿಗೆ ಅದೇ ಹೆಚ್ಚು ಒಗ್ಗುತ್ತದೆ.

ಇನ್ನು ಅಗಿಯುವ ಕ್ರಮ. ಎಲ್ಲ ಕೆಡುವುದು ಇಲ್ಲಿಯೇ. ಹಾಳೆ ಒತ್ತಿ ತೆಗೆದ ಗಮ್ ಮೊದಲಿಗೆ ಗಟ್ಟಿ ಇರುತ್ತದೆ, ಹಲ್ಲಿಗೆ ಪುಡಿಪುಡಿ ಅನ್ನಿಸುತ್ತದೆ. ನಿಧಾನವಾಗಿ ಹತ್ತು ಹದಿನೈದು ಸಲ ಅಗಿಯುವಷ್ಟರಲ್ಲಿ ಮೆಣಸಿನ ಕಾಳು ಕಡಿದಂತೆ ಖಾರ ಬಂದು ನಾಲಿಗೆ ಜುಮ್ಮೆನ್ನುತ್ತದೆ. ಆ ಕ್ಷಣವೇ ಅಗಿಯುವುದನ್ನು ನಿಲ್ಲಿಸಿ ಗಮ್ಮನ್ನು ಕೆನ್ನೆಗೂ ವಸಡಿಗೂ ನಡುವೆ ಒತ್ತರಿಸಿ ಇಡಬೇಕು. ಜುಮ್ಮೆನ್ನುವುದು ಇಳಿಯಲು ಸುಮಾರು ಒಂದು ನಿಮಿಷ. ಇಳಿದ ಮೇಲೆ ಮತ್ತೆ ನಾಲ್ಕಾರು ಸಲ ಅಗಿದು, ಈ ಸಲ ಇನ್ನೊಂದು ಬದಿಗೆ ಇಡಬೇಕು. ಹೀಗೆ ಒಂದು ಗಮ್ ಅರ್ಧ ಗಂಟೆ ಬರುತ್ತದೆ. ತಂಬಾಕು ತಿಕ್ಕಿ ದವಡೆಗೆ ಇಟ್ಟುಕೊಳ್ಳುವ ರೂಢಿ ಇದ್ದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಸಿಗರೇಟು, ವೇಪ್‌ನಿಂದ ಬಂದವರು ಮಾತ್ರ ಚಿಕ್ಕಂದಿನ ಬಬಲ್ ಗಮ್‌ನಂತೆ ಪಟಪಟ ಅಗಿದುಬಿಡುತ್ತಾರೆ. ಆಗ ನಿಕೋಟಿನ್ ಉಗುಳಿನ ಜೊತೆ ಹೊಟ್ಟೆಗೆ ಇಳಿಯುತ್ತದೆ, ಅಲ್ಲಿಂದ ಯಕೃತ್ತಿಗೆ ಹೋಗಿ ಬಹುಪಾಲು ಕರಗಿಹೋಗುತ್ತದೆ. ಆಸೆ ತಣಿಯುವುದಿಲ್ಲ, ಸಿಗುವುದು ಬಿಕ್ಕಳಿಕೆ, ಎದೆಯುರಿ, ವಾಕರಿಕೆ ಅಷ್ಟೇ.

ಎರಡನೇ ತಪ್ಪು ನಮ್ಮ ಕಡೆಯ ಚಹಾದಂಗಡಿಯದು. ಮಿರ್ಚಿ, ಗಿರ್ಮಿಟ್ ತಿಂದು, ಮೇಲೆ ಚಹಾ ಹೀರಿ ಸಿಗರೇಟು ಹಚ್ಚುವ ಹೊತ್ತೇ ಆಸೆ ಜೋರಾಗಿರುವ ಹೊತ್ತು. ಸಿಗರೇಟಿನ ಬದಲು ಅದೇ ಗಳಿಗೆಗೆ ಗಮ್ ಬಾಯಿಗೆ ಹಾಕಿಕೊಂಡರೆ ಕೆಲಸ ಮಾಡುವುದಿಲ್ಲ. ಹುಳಿ, ಕಾಫಿ, ಲಿಂಬು ಸೋಡಾ, ಕೋಲಾ ಇವೆಲ್ಲ ಬಾಯಿಯನ್ನು ಆಮ್ಲೀಯ ಮಾಡುತ್ತವೆ, ಆಮ್ಲದಲ್ಲಿ ನಿಕೋಟಿನ್ ಕೆನ್ನೆಯ ಒಳಪದರ ದಾಟಿ ರಕ್ತಕ್ಕೆ ಸೇರದು. ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿದರೆ ‘ಹತ್ತುತ್ತದೆ’ ಎಂದು ಹಿರಿಯರು ಹೇಳುತ್ತಿದ್ದುದು ಇದೇ ಲೆಕ್ಕ: ಸುಣ್ಣ ಕ್ಷಾರ, ಕ್ಷಾರದಲ್ಲಿ ನಿಕೋಟಿನ್ ಬಿಡುಗಡೆಯಾಗುತ್ತದೆ. ಗಮ್‌ನಲ್ಲಿಯೂ ಅದಕ್ಕೆಂದೇ ಸೋಡಾ ಜಾತಿಯ ಕ್ಷಾರ ಬೆರೆಸಿರುತ್ತಾರೆ. ಆದ್ದರಿಂದ ತಿಂದು ಕುಡಿದು 15 ನಿಮಿಷ ಬಿಡಿ, ನೀರಿನಿಂದ ಬಾಯಿ ಮುಕ್ಕಳಿಸಿ, ಆಮೇಲೆ ಗಮ್ ತೆಗೆಯಿರಿ. ಗಮ್ ಬಾಯಲ್ಲಿರುವಾಗ ಏನನ್ನೂ ಕುಡಿಯಬೇಡಿ. ಚಹಾ ಬಿಡಲಾರೆ ಎನ್ನುವವರು ಗಮ್ ಮುಗಿಸಿಯೇ ಚಹಾಕ್ಕೆ ಹೋಗುವುದು ಒಳ್ಳೆಯದು.

ಸಿಗರೇಟಿನ ನಿಕೋಟಿನ್ ಮಿದುಳಿಗೆ ಮುಟ್ಟಲು 10ರಿಂದ 20 ಸೆಕೆಂಡು ಸಾಕು. ಗಮ್‌ನಿಂದ ರಕ್ತದಲ್ಲಿ ಮಟ್ಟ ಏರಲು ಅರ್ಧ ಗಂಟೆಯಷ್ಟು ಹಿಡಿಯುತ್ತದೆ, ಅದೂ 2 ಎಂಜಿಯಲ್ಲಿ ದಕ್ಕುವುದು ಹೆಚ್ಚುಕಡಿಮೆ 1 ಎಂಜಿ. ಹಾಗಾಗಿ ಆಸೆ ಬಂದ ಮೇಲೆ ಅಗಿಯುವುದಕ್ಕಿಂತ ಗಡಿಯಾರ ನೋಡಿ ಅಗಿಯಬೇಕು: ಮೊದಲ 6 ವಾರ ಒಂದೆರಡು ಗಂಟೆಗೊಂದು, ಮುಂದಿನ 3 ವಾರ 2ರಿಂದ 4 ಗಂಟೆಗೊಂದು, ಕೊನೆಯ 3 ವಾರ 4ರಿಂದ 8 ಗಂಟೆಗೊಂದು. ದಿನಕ್ಕೆ 24ರ ಮಿತಿ ದಾಟಬಾರದು. ದುಡ್ಡು ಉಳಿಸಲೆಂದು ಮೊದಲ ವಾರ ದಿನಕ್ಕೆ ಮೂರು ನಾಲ್ಕು ಗಮ್‌ನಲ್ಲಿ ದೂಡುವವರು ಮತ್ತೆ ಸಿಗರೇಟಿಗೆ ಮರಳುವುದು ಹೆಚ್ಚು. ಗುಟ್ಕಾದಿಂದ ಬಾಯಿ ಬಿಗಿದು ಎರಡು ಬೆರಳು ಒಳಗೆ ಹೋಗದಂತಾದವರಿಗೆ ಗಮ್ ಬೇಡವೇ ಬೇಡ. ಅವರು ಮೊದಲು ದಂತವೈದ್ಯರಿಗೆ ಬಾಯಿ ತೋರಿಸಬೇಕು, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಬಗ್ಗೆ ಅಲ್ಲೇ ಕೇಳಬಹುದು. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಆದವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ವೇಪ್‌ನಿಂದ ಬಿಡಿಸಿಕೊಳ್ಳುವವರದು ಬೇರೆಯೇ ಕಷ್ಟ. ಕದ್ದು ಮಾರುವ ಬಿಸಾಡುವ ಮಾದರಿಯ ವೇಪ್‌ಗಳ ಮೇಲೆ ಶೇ 5 ಎಂದು ಬರೆದಿರುತ್ತದೆ. ಅಂದರೆ ಮಿಲಿಲೀಟರಿಗೆ 50 ಎಂಜಿ; 2 ಮಿಲಿ ದ್ರವ ಇದ್ದರೆ ಒಟ್ಟು 100 ಎಂಜಿ ನಿಕೋಟಿನ್. ಬ್ರಿಟನ್‌ನಲ್ಲಿ ಕಾನೂನು ಒಪ್ಪುವ ಮಿತಿ ಮಿಲಿಲೀಟರಿಗೆ 20 ಎಂಜಿ. ನಮ್ಮಲ್ಲಿ ಮಾರಾಟವೇ ನಿಷಿದ್ಧವಾದ್ದರಿಂದ ಲೇಬಲ್ ನಿಜವೋ ಸುಳ್ಳೋ ಎಂದು ಯಾವ ಅಧಿಕಾರಿಯೂ ಪರೀಕ್ಷಿಸುವುದಿಲ್ಲ. ಹೀಗಾಗಿ ತನ್ನ ಚಟದ ಅಳತೆಯೇ ತನಗೆ ಗೊತ್ತಿಲ್ಲದೆ ಜನ ಗಮ್‌ಗೆ ಬರುತ್ತಾರೆ. ಇಂಥವರು 2 ಎಂಜಿಯಲ್ಲಿ ಒದ್ದಾಡದೆ ವೈದ್ಯರ ಬಳಿ ಹೋಗಿ 4 ಎಂಜಿಯ ಚೀಟಿ ಬರೆಸಿಕೊಳ್ಳುವುದೇ ಲೇಸು.

ಆ ನಿಷೇಧದ ವಿಷಯ ಬಿಟ್ಟು ಗಮ್ ಬಗ್ಗೆ ಮಾತ್ರ ಬರೆಯುವುದು ಸರಿಯಲ್ಲ. ಕರ್ನಾಟಕ 2016ರಲ್ಲಿಯೇ ಇ-ಸಿಗರೇಟ್ ನಿಷೇಧಿಸಿತ್ತು. 2019ರ ಸೆಪ್ಟೆಂಬರ್ 18ರಂದು ಕೇಂದ್ರದ ಸುಗ್ರೀವಾಜ್ಞೆಯನ್ನು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಪ್ರಕಟಿಸಿದರು. ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ಮಾರಿದರೆ, ತರಿಸಿದರೆ, ಸಾಗಿಸಿದರೆ ಮೊದಲ ಸಲ 1 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷ, 5 ಲಕ್ಷ. ದಾಸ್ತಾನು ಇಟ್ಟರೆ 6 ತಿಂಗಳು, 50 ಸಾವಿರ. ಸೇದುವವರಿಗೆಂದು ಪ್ರತ್ಯೇಕ ಶಿಕ್ಷೆಯನ್ನು ಕಾಯ್ದೆ ಬರೆದಿಲ್ಲ. ಕಾಲೇಜು ಮಕ್ಕಳು ಹೊಸ ಚಟಕ್ಕೆ ಬೀಳಬಾರದು ಎಂಬುದು ಸರ್ಕಾರ ಹೇಳಿದ ಕಾರಣ, ಅದು ಸುಳ್ಳು ಕಾರಣವಲ್ಲ. ಅದೇ ವರ್ಷ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಪೂರ್ತಿ ನಿಷೇಧವನ್ನೇ ಶಿಫಾರಸು ಮಾಡಿತ್ತು. ಕೇಂದ್ರಕ್ಕೂ ಎಲ್‌ಐಸಿಗೂ ಸಿಗರೇಟು ಕಂಪನಿ ಐಟಿಸಿಯಲ್ಲಿ ಪಾಲಿದೆ, ಸಿಗರೇಟು ತೆರಿಗೆ ತರುತ್ತದೆ, ಅದಕ್ಕೇ ವೇಪ್ ನಿಷೇಧಿಸಿದರು ಎನ್ನುವವರಿದ್ದಾರೆ. ಆದರೆ ಐಟಿಸಿಯೇ 2014ರಲ್ಲಿ ತನ್ನದೊಂದು ಇ-ಸಿಗರೇಟ್ ಮಾರುಕಟ್ಟೆಗೆ ತಂದಿತ್ತು, ನಿಷೇಧದ ಪೆಟ್ಟು ಅದಕ್ಕೂ ಬಿತ್ತು. ಉದ್ದೇಶ ಒಂದೇ ಆಗಿರಬೇಕೆಂದೇನೂ ಇಲ್ಲ.

ಉದ್ದೇಶ ಆರೋಗ್ಯವೇ ಆಗಿದ್ದರೆ ಅದು ಪಾನ್ ಅಂಗಡಿಯ ಮುಂದೆಯೂ ಕಾಣಬೇಕಿತ್ತು. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಇವತ್ತಿಗೂ ಪಾನ್ ಮಸಾಲೆಯ ಮಾಲೆ ಒಂದು ಕಡೆ, ತಂಬಾಕಿನ ಮಾಲೆ ಅದರ ಮಗ್ಗುಲಲ್ಲೇ ತೂಗುತ್ತಿರುತ್ತದೆ. ಗಿರಾಕಿ ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿದರೆ ಗುಟ್ಕಾ ತಯಾರು. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ತಂಬಾಕು ಬಳಸುವವರು. ಅಷ್ಟು ಜನರಿಗೆ ಬಿಡಿಸುವ ಔಷಧ ತಲುಪಬೇಕಾದರೆ ಗಮ್ ಪಾನ್ ಅಂಗಡಿಯಷ್ಟೇ ಹತ್ತಿರ ಸಿಗಬೇಕು, ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗಬೇಕು.

ಸಿಗರೇಟು ಪ್ಯಾಕಿನ ಮೇಲೆ ಅಚ್ಚಾಗಿರುವ 1800-11-2356 ತಂಬಾಕು ಬಿಡಿಸುವ ಸಹಾಯವಾಣಿಯ ಸಂಖ್ಯೆ; ಕರೆ ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಮಂಗಳವಾರದಿಂದ ರವಿವಾರದವರೆಗೆ ಬೆಳಿಗ್ಗೆ 8ರಿಂದ ರಾತ್ರಿ 8. ಸೋಮವಾರ ರಜೆ ಇರುವುದರಿಂದ ಬಿಡುವ ದಿನವನ್ನು ಮಂಗಳವಾರ ಇಟ್ಟುಕೊಂಡರೆ ಮೊದಲ ಆರು ದಿನ ಫೋನಿನ ಆಸರೆ ಇರುತ್ತದೆ. ಗಮ್ ಮಾತ್ರ ಹಿಂದಿನ ದಿನವೇ ತಂದಿಡಿ. ಸ್ಟ್ರಿಪ್ ಬಿಡಿಯಾಗಿ ಕೊಟ್ಟರೆ ಸೂಚನೆಯ ಚೀಟಿ ಡಬ್ಬದಲ್ಲೇ ಉಳಿದುಬಿಡುತ್ತದೆ, ಕೇಳಿ ಅದರ ಫೋಟೋ ತೆಗೆದುಕೊಳ್ಳಿ. ಅಗಿದು ಬಿಟ್ಟ ಗಮ್‌ನಲ್ಲಿಯೂ ನಿಕೋಟಿನ್ ಉಳಿದಿರುತ್ತದೆ, ಆದ್ದರಿಂದ ಕಾಗದದಲ್ಲಿ ಸುತ್ತಿ, ಕೂಸುಗಳ ಕೈಗೆ ಸಿಗದಂತೆ ಮುಚ್ಚಳವಿರುವ ಡಬ್ಬಿಗೆ ಹಾಕಿ.