ಸುದ್ದಿ ಆ್ಯಪ್: ವೇಗಕ್ಕೆ ಪೂರ್ತಿ ಅಂಕ, ತಿದ್ದುಪಡಿಗೆ ಸೊನ್ನೆ

ಐದರಲ್ಲಿ ಎರಡು ಸ್ಟಾರ್ ಕೊಡ್ತಿದ್ದೀನಿ. ಆ್ಯಪ್ ಬೇಗ ತೆರೆದುಕೊಳ್ಳುತ್ತೆ, ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಜಾಹೀರಾತಿನ ಕಾಟ ಕಡಿಮೆ. ನನ್ನ ತಕರಾರು ನೋಟಿಫಿಕೇಶನ್ ಬಗ್ಗೆ. ಚುನಾವಣೆ ಹೊತ್ತಲ್ಲಿ ಒಬ್ಬ ಅಭ್ಯರ್ಥಿಯ ಮೇಲಿನ ಆರೋಪ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡು, ದಪ್ಪಕ್ಷರದಲ್ಲಿ ಫೋನ್ ಪರದೆಗೆ ಬಂತು. ಸಂಜೆಯೊಳಗೆ ಮತ್ತೆ ಮತ್ತೆ ಬಂತು. ಆರೋಪ ಸುಳ್ಳೆಂದು ಗೊತ್ತಾದಾಗ ಮಾತ್ರ ಒಂದು ಸದ್ದೂ ಇಲ್ಲ. ಹಳೇ ವರದಿಯ ತಳದಲ್ಲಿ ಸಣ್ಣಕ್ಷರದ ಒಂದು ಸಾಲು, ಅಷ್ಟೆ. ನಮ್ಮ ಮನೆಯಲ್ಲೇ ಇಬ್ಬರು ಈಗಲೂ ಅದನ್ನು ನಿಜ ಅಂತಲೇ ನಂಬಿದ್ದಾರೆ.

ಕೇಳಿದ್ದನ್ನೇ ಮತ್ತೆ ಕೇಳಿದರೆ ಅದು ಹೆಚ್ಚು ನಿಜ ಅನ್ನಿಸುತ್ತೆ ಅಂತ 1977ರಲ್ಲೇ ಮನೋವಿಜ್ಞಾನಿಗಳು ಪ್ರಯೋಗ ಮಾಡಿ ತೋರಿಸಿದ್ದಾರೆ. 1968ರ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿ ಮೆಕೂಂಬ್ಸ್ ಮತ್ತು ಶಾ ಎಂಬ ಮಾಧ್ಯಮ ಸಂಶೋಧಕರು, ಅಲ್ಲಿನ ಚಾಪೆಲ್ ಹಿಲ್ ಪಟ್ಟಣದಲ್ಲಿ ಯಾರಿಗೆ ಮತ ಹಾಕಬೇಕೆಂದು ಇನ್ನೂ ತೀರ್ಮಾನಿಸದ 100 ಮತದಾರರನ್ನು ಮಾತಾಡಿಸಿದರು. ಮಾಧ್ಯಮ ಯಾವುದಕ್ಕೆ ಹೆಚ್ಚು ಜಾಗ ಕೊಟ್ಟಿತ್ತೋ ಹೆಚ್ಚುಕಡಿಮೆ ಅದೇ ಅವರಿಗೂ ಮುಖ್ಯ ಸಮಸ್ಯೆಯಾಗಿತ್ತು. ಅಷ್ಟು ಶಕ್ತಿ ಕೈಯಲ್ಲಿದ್ದ ಮೇಲೆ, ತಪ್ಪು ಸುದ್ದಿ ಯಾರ ಯಾರ ಫೋನಿಗೆ ಹೋಯಿತೋ ಅಷ್ಟೂ ಫೋನಿಗೆ ತಿದ್ದುಪಡಿಯೂ ಹೋಗಬೇಕು, ಅದೇ ದಪ್ಪಕ್ಷರದಲ್ಲಿ. ಆ ವ್ಯವಸ್ಥೆ ಬರುವತನಕ ನೋಟಿಫಿಕೇಶನ್ ಆಫ್ ಮಾಡಿಟ್ಟು ಓದಿ.