ಉಜನಿ ಹಿನ್ನೀರಿಗೆ ‘ಬಾಸ್ ಫಿಶಿಂಗ್’ ಎಂದು ಯಾರಾದರೂ ಕರೆದರೆ

ಪುಣೆ, ಪಿಂಪ್ರಿ-ಚಿಂಚ್‌ವಡ ಕಡೆ ಇರುವ ನಮ್ಮವರಿಗೆ, ಅದರಲ್ಲೂ ಗಾಳದ ಹುಚ್ಚಿರುವ ಹುಡುಗರಿಗೆ ಇದನ್ನು ಬರೆಯುತ್ತಿದ್ದೇನೆ. ಏಪ್ರಿಲ್ ಮುಗಿಯುವ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಜಾಹೀರಾತು ಓಡಾಡುತ್ತದೆ. ಮಹಾರಾಷ್ಟ್ರದಲ್ಲಿ ಭೀಮಾ ನದಿಗೆ ಕಟ್ಟಿದ ಉಜನಿ ಡ್ಯಾಮಿನ ಬ್ಯಾಕ್‌ವಾಟರ್‌ನಲ್ಲಿ ಸಮ್ಮರ್ ಬಾಸ್ ಫಿಶಿಂಗ್ (ಬಾಸ್ ಎಂಬ ಮೀನಿಗೆ ಗಾಳ ಹಾಕುವುದು), ಬೋಟು, ಗೈಡು, ಪರ್ಮಿಟ್, ಊಟ ಎಲ್ಲ ಸೇರಿ ತಲೆಗೆ 3,500 ರೂಪಾಯಿ. ಅರ್ಧ ಹಣ ಮೊದಲೇ ಹಾಕಬೇಕು. ಹಾಕಬೇಡಿ. ದುಡ್ಡಿನ ಮಾತು ಆಮೇಲೆ, ಆ ದೋಣಿಯನ್ನೇ ಹತ್ತಬೇಡಿ.

ಮೊದಲು ಮೀನಿನ ವಿಷಯ. ಜಾಹೀರಾತಿನ ಜೊತೆ ಒಂದು ಉದ್ದದ ಬರಹವೂ ಇತ್ತು. ವಸಂತದಲ್ಲಿ ಬಾಸ್ ದಂಡೆಯ ಹತ್ತಿರ ಗೂಡು ಮಾಡಿ ಮೊಟ್ಟೆಯಿಡುತ್ತದೆ, ಬೇಸಿಗೆ ಶುರುವಾಗಿ ನೀರು ಬೆಚ್ಚಗಾದಂತೆ ಆಳದ ಕಡೆಗೆ ಸರಿಯುತ್ತದೆ, ನಸುಕಿನಲ್ಲೂ ಸಂಜೆಯಲ್ಲೂ ಮಾತ್ರ ಮೇಯಲು ಮೇಲೆ ಬರುತ್ತದೆ, ಜೊಂಡಿನ ಅಂಚಿಗೆ ಲೂರ್ (ಮೀನನ್ನು ಸೆಳೆಯುವ ಕೃತಕ ಎರೆ) ಎಸೆದರೆ ಸಿಕ್ಕೇ ಸಿಗುತ್ತದೆ ಎಂದೆಲ್ಲ. ಬಹುಪಾಲು ಸುಳ್ಳಲ್ಲ, ಆದರೆ ಎಲ್ಲವೂ ಅಮೆರಿಕದ ಜಲಾಶಯಗಳ ಮಾತು. ಲಾರ್ಜ್‌ಮೌತ್ ಬಾಸ್ ಉತ್ತರ ಅಮೆರಿಕದ ಮೀನು. ಉಜನಿಯಲ್ಲಿರುವುದು ರೋಹು, ಕಾಟ್ಲಾ, ಮೃಗಾಲ, ಕೊರವ, ಬಾಳೆ, ಇವೆಲ್ಲಕ್ಕಿಂತ ಹೆಚ್ಚಾಗಿ ಚಿಲಾಪಿ. ನಮ್ಮ ಕಡೆ ಜಿಲೇಬಿ ಮೀನು ಅಂತೀವಲ್ಲ, ಅದೇ. ಹಿನ್ನೀರಿನ ದಂಡೆಯ ಊರು ಭಿಗವಣದ ಹೈವೇ ಹೋಟೆಲುಗಳಲ್ಲಿ ತಟ್ಟೆಗೆ ಬರುವುದೂ ಅದೇ. ರೋಹು, ಕಾಟ್ಲಾಗಳು ಮೊಟ್ಟೆಯಿಡುವುದು ಮಳೆಗಾಲದಲ್ಲಿ, ಹೊಸ ನೀರು ಬಂದ ಮೇಲೆ. ಅಂದರೆ ಬರಹದಲ್ಲಿದ್ದ ಇಡೀ ಲೆಕ್ಕಾಚಾರ ಇಲ್ಲಿಗೆ ಹೊಂದುವುದೇ ಇಲ್ಲ. ಯಾರಾದರೂ ಮಹಾರಾಷ್ಟ್ರದ ಡ್ಯಾಮಿನಲ್ಲಿ ಬಾಸ್ ಹಿಡಿಸುತ್ತೇನೆ ಎಂದರೆ, ಮುಂದೆ ಅವರು ಹೇಳುವ ಲೈಫ್ ಜಾಕೆಟ್ಟು, ಪರ್ಮಿಟ್ಟುಗಳ ಮಾತೂ ಇದೇ ತೂಕದ್ದು ಅಂದುಕೊಳ್ಳಿ.

ಆ ಜಾಹೀರಾತು ನಂಬಿ ಹೋದ ನಮ್ಮ ಗುಂಪಿನಲ್ಲಿ ಹೆಚ್ಚಿನವರು ಕರ್ನಾಟಕದ ಭೀಮಾ ಕಡೆಯವರೇ: ಇಂಡಿ, ಅಫಜಲಪುರ, ಒಬ್ಬ ಮಾತ್ರ ಧಾರವಾಡದವನು. ಬೇಸಿಗೆಯಲ್ಲಿ ಭೀಮಾ ಬತ್ತಿದಾಗ ಉಜನಿಯಿಂದ ನೀರು ಬಿಟ್ಟರೋ ಇಲ್ಲವೋ ಎಂದು ಕೇಳುತ್ತಲೇ ಬೆಳೆದವರು ನಾವು. ಅದಕ್ಕೇ ಆ ಹೆಸರಿಗೆ ಒಂದು ಸೆಳೆತ. ಬೆಳಗಿನ ಆರಕ್ಕೆ ದೋಣಿ ಎಂದಿದ್ದರು. ದೋಣಿ ಬಂದದ್ದು ಬಿಸಿಲು ನೆತ್ತಿಗೇರುವ ಹೊತ್ತಿಗೆ. ಗೈಡ್ ಎಂದು ಬಂದವನು ಆ ಊರಿನವನಲ್ಲ, ದೋಣಿ ನಡೆಸುವ ಹುಡುಗನಿಗೂ ಅವನಿಗೂ ಅವತ್ತೇ ಪರಿಚಯ. ಲೈಫ್ ಜಾಕೆಟ್ ಕೇಳಿದರೆ ಒಂದನ್ನು ತೋರಿಸಿದ. ಅದನ್ನು ಹಲಗೆಯ ಮೇಲೆ ಕೂರಲು ಮೆತ್ತೆ ಮಾಡಿಕೊಂಡಿದ್ದರು, ಬಕಲ್ ಮುರಿದಿತ್ತು. ಪರ್ಮಿಟ್ ಎಂದು ಜೇಬಿನಿಂದ ತೆಗೆದದ್ದು ಫ್ಲೆಮಿಂಗೊ ನೋಡಲು ಹೋಗುವವರಿಗೆ ಕೊಡುವಂಥ ದೋಣಿ ರಸೀದಿ. ಚಳಿಗಾಲದಲ್ಲಿ ಪಕ್ಷಿ ತೋರಿಸುವ ಅಲ್ಲಿಯ ದೋಣಿಯವರ ಮೇಲೆ ನನ್ನ ದೂರಿಲ್ಲ, ಅವರು ನೀರು ಬಲ್ಲವರು. ದೂರು ಪುಣೆಯಲ್ಲಿ ಕೂತು ಅವರ ದೋಣಿ ತೋರಿಸಿ ದುಡ್ಡು ಎಣಿಸುವವರ ಮೇಲೆ.

ಮೇ ತಿಂಗಳ ಉಜನಿ ಹೇಗಿರುತ್ತದೆ ಗೊತ್ತೆ? ಒಟ್ಟು ಸಾಮರ್ಥ್ಯ ಸುಮಾರು 117 ಟಿಎಂಸಿ, ಅದರಲ್ಲಿ 63ಕ್ಕೂ ಹೆಚ್ಚು ಟಿಎಂಸಿ ಡೆಡ್ ಸ್ಟೋರೇಜು, ಅಂದರೆ ಸಾಮಾನ್ಯವಾಗಿ ಬಳಕೆಗೆ ಬಿಡದ ತಳದ ನೀರು. ಹೀಗೆ ಅರ್ಧಕ್ಕಿಂತ ಹೆಚ್ಚು ನೀರು ಲೆಕ್ಕಕ್ಕೇ ಬರದ ಕಾರಣ, ಬೇಸಿಗೆಯಲ್ಲಿ ಮಟ್ಟ ಅದಕ್ಕಿಂತ ಕೆಳಗಿಳಿದಾಗ ಮರಾಠಿ ಪತ್ರಿಕೆಗಳು ‘ಉಜನಿ ಮೈನಸ್’ ಎಂದು ಬರೆಯುತ್ತವೆ. 2024ರ ಬೇಸಿಗೆಯಲ್ಲಿ ಅದು ಮೈನಸ್ 50 ಪರ್ಸೆಂಟಿಗಿಂತಲೂ ಕೆಳಗೆ ಹೋಗಿತ್ತು. ನೀರು ಹೀಗೆ ಇಳಿದಾಗ ಮುಳುಗಿದ ಹಳ್ಳಿಗಳ ಗೋಡೆ, ಬಾವಿ, ಮರದ ಬೊಡ್ಡೆಗಳು ಮೇಲ್ಮಟ್ಟದ ಹತ್ತಿರಕ್ಕೆ ಬರುತ್ತವೆ. ಪಳಸದೇವದ ಹಳೆಯ ಗುಡಿ ಆಗ ಹೊರಗೆ ಕಾಣುವುದು ಫೋಟೋಗೆ ಚಂದ. ಕಾಣದೆ ಒಂದಡಿ ಕೆಳಗೆ ಉಳಿದ ಗೋಡೆಗೆ ದೋಣಿಯ ಪ್ರೊಪೆಲ್ಲರ್ ಬಡಿದರೆ ಚಂದವಲ್ಲ. ನಮ್ಮದು ಬಡಿಯಿತು. ಎಂಜಿನ್ ಅಲ್ಲಿಂದ ಮುಂದೆ ಕೆಮ್ಮುತ್ತಲೇ ಇತ್ತು.

ಇನ್ನು ಬಲೆಗಳು. ಉಳಿದ ನೀರಿನಲ್ಲಿ ಎಲ್ಲಿ ನೋಡಿದರೂ ಪ್ಲಾಸ್ಟಿಕ್ ಬಾಟಲಿಯ ತೇಲುಗಳು, ಅವುಗಳ ಕೆಳಗೆ ಬಲೆ. ಮೂರು ಕೊಕ್ಕೆಯ ಲೂರ್ ಎಸೆದರೆ ಮೊದಲು ಸಿಕ್ಕಿಬೀಳುವುದು ಅದಕ್ಕೇ. ಒಂದು ಬಲೆ ಹರಿಯಿತು, ಮೀನುಗಾರರು ಎರಡು ದೋಣಿಯಲ್ಲಿ ಬಂದು ಸುತ್ತಿಕೊಂಡರು. ನ್ಯಾಯ ಅವರ ಕಡೆಯೇ ಇತ್ತು. ಜಲಾಶಯದಲ್ಲಿ ಮೀನು ಹಿಡಿಯುವ ಹಕ್ಕು ಪರವಾನಗಿ ಪಡೆದವರದು, ಬೇರೆ ಕಡೆ ಗುತ್ತಿಗೆ ಹಿಡಿದ ಸಹಕಾರಿ ಸಂಘಗಳದು, ಅವರ ಅನ್ನ ಅದು. ‘ಪರ್ಮಿಟ್ ಸಮೇತ’ ಎಂದು ನಮ್ಮಿಂದ ಹಣ ಪಡೆದ ಗೈಡ್ ಮೊಬೈಲ್ ಕಿವಿಗಿಟ್ಟುಕೊಂಡು ಬೇರೆ ಕಡೆ ತಿರುಗಿ ಕೂತ. ಬಲೆಯ ದುಡ್ಡು ನಾವೇ ಕೊಟ್ಟೆವು. ಅವರಲ್ಲಿ ವಯಸ್ಸಾದವರೊಬ್ಬರು ಹೋಗುವ ಮುಂಚೆ ಪಶ್ಚಿಮಕ್ಕೆ ಕೈ ತೋರಿಸಿ ಮರಾಠಿಯಲ್ಲಿ, ‘ಗಾಳಿ ಬರುತ್ತೆ, ಈಗಲೇ ಹೊರಡಿ’ ಎಂದರು. ಗೈಡ್, ಇನ್ನೂ ಎರಡು ತಾಸು ಇದೆ, ಬಾಸ್ ಸಂಜೆಗೇ ಕಚ್ಚುವುದು ಎಂದ.

ಕೃತ್ತಿಕೆ ಮಳೆಯ ದಿನಗಳು ಅವು. ಮಧ್ಯಾಹ್ನದವರೆಗೆ ಎಲೆ ಅಲುಗಾಡದ ಧಗೆ, ಮೂರು-ನಾಲ್ಕರ ಮೇಲೆ ಎಲ್ಲಿಂದಲೋ ಮೋಡ, ಮಳೆಗಿಂತ ಮೊದಲು ಗಾಳಿ. ನಮ್ಮ ಊರ ಕಡೆ ಹೊಲದಲ್ಲಿ ಈ ಗಾಳಿ ಬಂದರೆ ಗುಡಿಸಲೊಳಗೆ ಓಡುತ್ತೇವೆ. ಮೈಲುಗಟ್ಟಲೆ ತಡೆಯೇ ಇಲ್ಲದ ನೀರಿನ ಮೇಲೆ ಅದೇ ಗಾಳಿ ಬೀಸಿದಾಗ ಅಲೆ ಹೇಗೆ ಏಳುತ್ತದೆ ಎಂಬುದನ್ನು ದಂಡೆಯಲ್ಲಿ ನಿಂತು ಊಹಿಸಲಾಗದು. ಮೊದಲು ದೂರದಲ್ಲಿ ಧೂಳಿನ ಗೋಡೆ ಎದ್ದಿತು, ಆ ಕಡೆಯ ದಡ ಕಾಣದಾಯಿತು. ಆಮೇಲೆ ನೀರು ದೋಣಿಯ ಅಂಚು ಹತ್ತಿ ಒಳಗೆ ಬೀಳತೊಡಗಿತು. ಎಂಜಿನ್ ನಿಂತಿತು. ದೋಣಿ ಅಡ್ಡ ತಿರುಗಿತು. ಧಾರವಾಡದವನಿಗೆ ಈಜು ಬಾರದು. ಆ ಬಕಲ್ ಇಲ್ಲದ ಜಾಕೆಟ್ಟನ್ನು ಟವೆಲಿನಿಂದ ಅವನ ಎದೆಗೆ ಬಿಗಿದೆವು. ಊಟದ ಡಬ್ಬಿಗಳಿಂದ ನೀರು ಮೊಗೆದು ಹೊರಗೆ ಚೆಲ್ಲಿದೆವು. ಯಾರೂ ಏಳಬೇಡಿ, ಕೆಳಗೆ ಕೂತುಕೊಳ್ಳಿ ಎಂದು ದೋಣಿಯ ಹುಡುಗ ಕೂಗುತ್ತಲೇ ಇದ್ದ. ಗಂಟಲು ಹರಿಯುವಂತೆ ಕೂಗಿದ ಆ ಹುಡುಗನಿಂದಲೇ ನಾವು ಬದುಕಿದ್ದು. ಸಿಡಿಲು ಬೇರೆ. ನಮ್ಮ ಗಾಳದ ರಾಡುಗಳೆಲ್ಲ ಕಾರ್ಬನ್ನಿನವು, ಕಾರ್ಬನ್ ವಿದ್ಯುತ್ ಹರಿಸುತ್ತದೆ. ಬಯಲು ನೀರಿನಲ್ಲಿ ಅವನ್ನು ಎತ್ತಿ ಹಿಡಿದವನೇ ಎಲ್ಲರಿಗಿಂತ ಎತ್ತರ. ಬಿಚ್ಚಿ ತಳಕ್ಕೆ ಹಾಕಿ ಕೂತೆವು.

ಇದು ಬರೀ ನಮ್ಮ ಹೆದರಿಕೆಯ ಮಾತಲ್ಲ. 2024ರ ಮೇ 21ರ ಸಂಜೆ ಇದೇ ಹಿನ್ನೀರಿನಲ್ಲಿ, ಕರಮಾಳಾ ತಾಲೂಕಿನ ಕುಗಾಂವ್ ಮತ್ತು ಇಂದಾಪುರ ತಾಲೂಕಿನ ಕಳಾಶಿ ನಡುವೆ, ಪ್ರಯಾಣಿಕರ ದೋಣಿ ಬಿರುಗಾಳಿಗೆ ಮಗುಚಿ ಆರು ಜನ ಸತ್ತರು. ಒಬ್ಬ ಪೊಲೀಸ್ ಅಧಿಕಾರಿ ಈಜಿ ದಡ ಸೇರಿದರು. ಅದೇ ತಿಂಗಳು, ಅದೇ ಹೊತ್ತು, ಅದೇ ಗಾಳಿ.

ಗಾಳಿ ನಮ್ಮನ್ನು ತಳ್ಳಿ ಹಾಕಿದ್ದು ಹತ್ತಿದ ಜಾಗದಿಂದ ಬಹಳ ದೂರದ ಒಂದು ದಂಡೆಗೆ. ಮುಗಿಯಿತು ಅಂದುಕೊಂಡೆವು. ಬಿಸಿಲಿಗೆ ಬಿರುಕುಬಿಟ್ಟು ಒಣಗಿದಂತೆ ಕಾಣುವ ಹೂಳಿನ ಮೇಲೆ ಇಂಡಿಯವನು ಕಾಲಿಟ್ಟ, ತೊಡೆಯವರೆಗೆ ಹೋದ. ಮೇಲಿನ ಪದರ ಮಾತ್ರ ಗಟ್ಟಿ, ಕೆಳಗೆ ಅಂಟು ಕೆಸರು. ಹೀಗಾದರೆ ಒದ್ದಾಡಬಾರದು, ಹಿಂದಕ್ಕೆ ಒರಗಿ ಭಾರ ಹರಡಬೇಕು, ಹಲಗೆಯನ್ನೋ ಹುಟ್ಟನ್ನೋ ಅಡ್ಡ ಹಾಕಿ ಅದರ ಮೇಲೆ ತೆವಳಬೇಕು. ಹುಟ್ಟು ಹಾಕಿಯೇ ಎಳೆದೆವು. ಆಚೆ ಇನ್ನೊಂದು ಅಪಾಯ ಕಾದಿತ್ತು: ನೀರು ಹಿಂದೆ ಸರಿದಂತೆ ರೈತರು ಕಬ್ಬಿಗೆ ನೀರೆತ್ತುವ ಮೋಟಾರುಗಳನ್ನೂ ಮುಂದಕ್ಕೆ ತರುತ್ತಾರೆ, ಕರೆಂಟಿನ ಕೇಬಲ್ಲುಗಳು ಕೆಸರಿನಲ್ಲೇ, ನೀರಿನಲ್ಲೇ ಮಲಗಿರುತ್ತವೆ, ನಡುನಡುವೆ ಟೇಪು ಸುತ್ತಿದ ಜೋಡಣೆಗಳು. ಕತ್ತಲಾಗುವ ಹೊತ್ತಿಗೆ, ಒದ್ದೆ ಬಟ್ಟೆಯಲ್ಲಿ, ಮೊಬೈಲ್ ಬೆಳಕಿನಲ್ಲಿ ಅವನ್ನು ದಾಟಿದೆವು. ಒಬ್ಬ ರೈತ ಓಡಿ ಬಂದು ಮೇನ್ ಸ್ವಿಚ್ ಆರಿಸಿದ. ಅವನ ಮನೆಯಲ್ಲಿ ಚಹಾ ಕುಡಿಯುವಾಗಲೂ ನಮ್ಮ ಕೈ ನಡುಗುತ್ತಿತ್ತು.

ಹೋಗಲೇಬೇಕೆನ್ನುವವರು ದಂಡೆಯ ಗಟ್ಟಿ ಕಲ್ಲಿನ ಜಾಗದಿಂದ, ಪರವಾನಗಿ ಇರುವ ಸ್ಥಳೀಯ ಮೀನುಗಾರರ ಒಪ್ಪಿಗೆಯಿಂದ, ನಸುಕಿನಲ್ಲಿ ಗಾಳ ಹಾಕಿ, ಹತ್ತು ಗಂಟೆಗೆ ಗಂಟು ಕಟ್ಟಿ. ದೋಣಿ ಹತ್ತುವುದಾದರೆ ಪ್ರತಿಯೊಬ್ಬರಿಗೂ ಒಂದು ಜಾಕೆಟ್, ಬಕಲ್ ಹಾಕಿ ಎಳೆದು ನೋಡಿದ್ದು. ಇಲ್ಲವೆಂದರೆ ಅಡ್ವಾನ್ಸ್ ಹೋದರೂ ಚಿಂತೆಯಿಲ್ಲ, ವಾಪಸ್ ಬಂದು ಭಿಗವಣದಲ್ಲಿ ಚಿಲಾಪಿ ಫ್ರೈ ತಿಂದು ಮನೆಗೆ ಹೋಗಿ.

ಹಣ ವಾಪಸ್ ಕೇಳಿದ ದಿನವೇ ಆ ನಂಬರು ನಮ್ಮನ್ನೆಲ್ಲ ಬ್ಲಾಕ್ ಮಾಡಿತು. ಈಗ ಅದೇ ಜಾಹೀರಾತು ಬೇರೆ ಹೆಸರಿನಲ್ಲಿ ಪಾನಶೇತ್ ಡ್ಯಾಮಿಗೆಂದು ಬರುತ್ತಿದೆ. ಫೋಟೋ ಬದಲಾಗಿಲ್ಲ: ಹಸಿರು ಬೆನ್ನು, ಮೈಯುದ್ದಕ್ಕೂ ಕಪ್ಪು ಪಟ್ಟೆ, ಕಣ್ಣಿಗಿಂತ ಹಿಂದಕ್ಕೆ ಚಾಚಿದ ದೊಡ್ಡ ಬಾಯಿಯ ಮೀನು ಹಿಡಿದು ನಗುವ ಒಬ್ಬ ಬಿಳಿಯ, ಹಿಂದೆ ಪೈನ್ ಮರಗಳು.