ಅರ್ಧ, ಮುಕ್ಕಾಲು, ಪೂರ್ತಿ, ಹೆಚ್ಚುವರಿ: ಆಲೂಗಡ್ಡೆಗೆ ಕೊಟ್ಟ ನಾಲ್ಕು ಅಳತೆಯ ನೀರಿನ ಹೋಲಿಕೆ

ಆಲೂಗಡ್ಡೆ ಬೆಳೆಯುವವರಲ್ಲಿ ನೀರಿನ ವಿಷಯಕ್ಕೆ ಎರಡು ಪಕ್ಷಗಳಿವೆ. ನೀರು ಹೆಚ್ಚಾದಷ್ಟೂ ಗೆಡ್ಡೆ ದಪ್ಪವಾಗುತ್ತದೆ ಎನ್ನುವವರು ಒಂದು ಕಡೆಯಾದರೆ, ನೀರನ್ನು ಬಿಗಿಹಿಡಿದರೆ ಗೆಡ್ಡೆ ಗಟ್ಟಿಯಾಗಿ ಬಹುದಿನ ಕೆಡದೆ ಉಳಿಯುತ್ತದೆ ಎನ್ನುವವರು ಇನ್ನೊಂದು ಕಡೆ. ಎರಡೂ ಮಾತನ್ನು ಬೇರೆ ಬೇರೆ ವರ್ಷ ನಂಬಿ ಕೈಸುಟ್ಟುಕೊಂಡ ಮೇಲೆ, ಅಳೆದು ನೋಡದೆ ಈ ವಾದ ಮುಗಿಯುವುದಿಲ್ಲ ಎನ್ನಿಸಿತು. ಮರಳು ಮಿಶ್ರಿತ ಗೋಡು ಮಣ್ಣಿನ ಒಂದೇ ಹೊಲವನ್ನು ನಾಲ್ಕು ತಾಕುಗಳಾಗಿ ವಿಂಗಡಿಸಿ, ಒಂದೇ ತಳಿಯ ಬಿತ್ತನೆ ಗೆಡ್ಡೆಗಳನ್ನು ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗೆಡ್ಡೆಯಿಂದ ಗೆಡ್ಡೆಗೆ 20 ಸೆಂ.ಮೀ. ಅಂತರದಲ್ಲಿ ಒಂದೇ ದಿನ ಊರಿ, ಗೊಬ್ಬರವನ್ನೂ ಸಮನಾಗಿ ಕೊಟ್ಟು, ನೀರನ್ನು ಮಾತ್ರ ಬದಲಿಸಿದೆ. ಮಳೆಯಿಲ್ಲದ ಕಾಲವನ್ನೇ ಆರಿಸಿಕೊಂಡಿದ್ದೆ. ನಾಲ್ಕಕ್ಕೂ ಹನಿ ಕೊಳವೆ. ಪಕ್ಕದ ತಾಕಿನ ಹಸಿ ಅಂಚಿನ ಸಾಲುಗಳಿಗೆ ತಾಗಬಹುದೆಂದು ನಡುವಿನ ಸಾಲುಗಳ ಫಸಲನ್ನಷ್ಟೇ ತೂಗಿದೆ.

ಪೂರ್ತಿ ನೀರು ಎಂದರೆ ಎಷ್ಟೆಂದು ಮೊದಲೇ ನಿಗದಿ ಮಾಡಿಕೊಳ್ಳದಿದ್ದರೆ ಅರ್ಧ, ಮುಕ್ಕಾಲು ಎಂಬ ಮಾತುಗಳಿಗೆ ಅರ್ಥವಿರುವುದಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ 120ರಿಂದ 150 ದಿನಗಳ ಆಲೂಗಡ್ಡೆ ಬೆಳೆ ಒಳ್ಳೆಯ ಇಳುವರಿ ಕೊಡಲು 500ರಿಂದ 700 ಮಿ.ಮೀ. ನೀರು ಬೇಕು, ಒಂದು ಮಿ.ಮೀ. ಎಂದರೆ ಚದರ ಮೀಟರಿಗೆ ಒಂದು ಲೀಟರ್. ಆದರೆ ಈ ಮೊತ್ತವನ್ನು ದಿನಗಳಿಗೆ ಸಮನಾಗಿ ಹಂಚುವಂತಿಲ್ಲ. ಸೊಂಪಾದ ಹುಲ್ಲುಹಾಸೊಂದು ಒಂದು ದಿನದಲ್ಲಿ ಆವಿಯಾಗಿಸುವ ನೀರನ್ನು ಮೂಲ ಅಳತೆಯಾಗಿ ಇಟ್ಟುಕೊಂಡರೆ, ಮೊಳಕೆಯೊಡೆಯುವ ಹಂತದಲ್ಲಿ ಆಲೂಗಡ್ಡೆಗೆ ಅದರ 0.5 ಪಾಲು, ಎಲೆಗಳು ಸಾಲನ್ನು ಮುಚ್ಚಿದ ಮೇಲೆ 1.15 ಪಾಲು, ಗಿಡ ಹಳದಿಯಾಗುವ ಹೊತ್ತಿಗೆ 0.75 ಪಾಲು ಸಾಕು. ಈ ಲೆಕ್ಕದಂತೆ ಬಂದ ನೀರನ್ನು ಒಂದು ತಾಕಿಗೆ ಪೂರ್ತಿಯಾಗಿ, ಒಂದಕ್ಕೆ ಅದರ ಮುಕ್ಕಾಲು, ಒಂದಕ್ಕೆ ಅರ್ಧ, ಉಳಿದದ್ದಕ್ಕೆ ಪೂರ್ತಿಗಿಂತ ಕಾಲು ಭಾಗ ಹೆಚ್ಚು ಕೊಟ್ಟೆ.

ಎಷ್ಟು ದಿನಕ್ಕೊಮ್ಮೆ ಕೊಡಬೇಕೆಂಬ ಪ್ರಶ್ನೆಯೂ ಇಲ್ಲಿ ಸಣ್ಣದಲ್ಲ. ಆಲೂಗಡ್ಡೆಯ ಬೇರು ಆಳಕ್ಕಿಳಿಯುವ ಜಾತಿಯದಲ್ಲ. ನೀರು ಹೀರುವ ಬೇರುಗಳ ಬಹುಪಾಲು ಮೇಲಿನ 30ರಿಂದ 40 ಸೆಂ.ಮೀ. ಮಣ್ಣಿನಲ್ಲೇ ಇರುತ್ತದೆ. ನನ್ನ ಹೊಲದಂಥ ಮಣ್ಣು ಅಷ್ಟು ಆಳದಲ್ಲಿ ಗಿಡಕ್ಕೆ ಸಿಗುವಂತೆ ಹಿಡಿದಿಡುವುದು ಸುಮಾರು 48 ಮಿ.ಮೀ. ನೀರು. ಅದರಲ್ಲಿ ಮೂರನೇ ಒಂದು ಭಾಗ, ಅಂದರೆ 16 ಮಿ.ಮೀ. ಖರ್ಚಾಗುತ್ತಿದ್ದಂತೆ ಈ ಬೆಳೆ ಬಾಯಾರತೊಡಗುತ್ತದೆ. ದಿನಕ್ಕೆ ಐದಾರು ಮಿ.ಮೀ. ಆವಿಯಾಗುವ ಬಿಸಿಲಿನಲ್ಲಿ ಇದು ಮೂರು ದಿನದ ಗಂಟು. ಆದ್ದರಿಂದ ಎಲ್ಲ ತಾಕುಗಳಿಗೂ ಎರಡು ದಿನಕ್ಕೊಮ್ಮೆ ನೀರು ಬಿಡುತ್ತಾ, ಬಿಡುವ ಪ್ರಮಾಣವನ್ನು ಮಾತ್ರ ಹೆಚ್ಚುಕಡಿಮೆ ಮಾಡಿದೆ.

ತೂಕದ ಮಟ್ಟಿಗೆ ಫಲಿತಾಂಶದಲ್ಲಿ ಗೊಂದಲವಿರಲಿಲ್ಲ. ಪೂರ್ತಿ ನೀರಿನ ತಾಕು ಮುಂದೆ. ಹೆಚ್ಚುವರಿ ನೀರಿನದು ಅದಕ್ಕೆ ಸಮನಾಗಿಯೂ ನಿಲ್ಲಲಿಲ್ಲ, ತುಸು ಹಿಂದೆಯೇ ಬಿತ್ತು. ಮುಕ್ಕಾಲು ನೀರಿನ ತಾಕಿನಲ್ಲಿ ಇಳುವರಿ ಕಾಲು ಭಾಗದಷ್ಟು ಇಳಿದರೆ, ಅರ್ಧ ನೀರಿನ ತಾಕಿನಲ್ಲಿ ಅರ್ಧಕ್ಕಿಂತ ಹೆಚ್ಚೇ ಇಳಿಯಿತು. 1979ರಲ್ಲಿ ಪ್ರಕಟವಾದ ಆಹಾರ ಮತ್ತು ಕೃಷಿ ಸಂಸ್ಥೆಯ 33ನೇ ನೀರಾವರಿ ಕೈಪಿಡಿ ಆಲೂಗಡ್ಡೆಗೆ ಕೊಡುವ ಗುಣಾಂಕ 1.1, ಅಂದರೆ ಗಿಡ ಬಳಸುವ ನೀರು ನೂರಕ್ಕೆ ಹತ್ತು ಕಡಿಮೆಯಾದರೆ ಇಳುವರಿ ನೂರಕ್ಕೆ ಹನ್ನೊಂದು ಕಡಿಮೆಯಾಗುತ್ತದೆ. ಕೆಲವು ಬೆಳೆಗಳು ನೀರಿನ ಕೊರತೆಯನ್ನು ಅರ್ಧಂಬರ್ಧ ತಾವೇ ನುಂಗಿಕೊಳ್ಳುತ್ತವೆ. ಆಲೂಗಡ್ಡೆ ಅದನ್ನು ಬಡ್ಡಿ ಸಮೇತ ರೈತನ ಲೆಕ್ಕಕ್ಕೇ ಬರೆಯುತ್ತದೆ.

ಒಟ್ಟು ತೂಕಕ್ಕಿಂತ ಗಾತ್ರದಲ್ಲಿ ಕಂಡ ವ್ಯತ್ಯಾಸ ಇನ್ನೂ ದೊಡ್ಡದು. ನೆಲದೊಳಗಿನ ಹಂಬುಗಳ ತುದಿ ಉಬ್ಬಿ ಗೆಡ್ಡೆ ಕಟ್ಟುವ ಹೊತ್ತಿನಲ್ಲಿ ನೀರು ಸಾಲದಿದ್ದರೆ ಗೆಡ್ಡೆಗಳ ಸಂಖ್ಯೆಯೇ ಕುಗ್ಗುತ್ತದೆ. ದಪ್ಪವಾಗುವ ಹೊತ್ತಿನಲ್ಲಿ ಸಾಲದಿದ್ದರೆ ಕಟ್ಟಿದವೂ ಗೋಲಿಯಾಗಿ ಉಳಿಯುತ್ತವೆ. ಅರ್ಧ ನೀರಿನ ತಾಕು ಎರಡೂ ಕಷ್ಟವನ್ನು ಉಂಡಿತ್ತು. ಅಲ್ಲಿಂದ ತೆಗೆದ ಬುಟ್ಟಿಗಳಲ್ಲಿ ಸಿಪ್ಪೆ ತೆಗೆಯಲೂ ಬೇಸರವಾಗುವಷ್ಟು ಸಣ್ಣ ಗೆಡ್ಡೆಗಳೇ ಹೆಚ್ಚಾಗಿದ್ದು, ಅವುಗಳ ಮೈಮೇಲೆ ಕಜ್ಜಿ ರೋಗದ ಒರಟು ಕಲೆಗಳೂ ಇದ್ದವು. ಈ ಕಲೆಗಳಿಗೆ ಕಾರಣವಾದ ಸ್ಟ್ರೆಪ್ಟೋಮೈಸಿಸ್ ಜಾತಿಯ ಸೂಕ್ಷ್ಮಜೀವಿ ಒಣಗಿದ ಮಣ್ಣಿನಲ್ಲಿ ಎಳೆಯ ಗೆಡ್ಡೆಯ ಮೇಲೆ ಬೀಳುತ್ತದೆ. ಗೆಡ್ಡೆ ಕಟ್ಟತೊಡಗಿದ ಮೊದಲ ಕೆಲವು ವಾರ ಮಣ್ಣಿನ ಹಸಿ ಆರದಂತೆ ನೋಡಿಕೊಂಡರೆ ಅದರ ಹಾವಳಿ ತಗ್ಗುತ್ತದೆ. ಮುಕ್ಕಾಲು ನೀರಿನ ತಾಕಿನಲ್ಲೂ ಅಲ್ಲಲ್ಲಿ ಕಜ್ಜಿ ಇತ್ತು, ಪೂರ್ತಿ ನೀರಿನದರಲ್ಲಿ ಹುಡುಕಬೇಕಾಯಿತು.

ಹಾಗೆಂದು ಹೆಚ್ಚುವರಿ ನೀರಿನ ಗೆಡ್ಡೆ ಕಳಂಕವಿಲ್ಲದ್ದೇನೂ ಆಗಿರಲಿಲ್ಲ. ಕಿತ್ತ ದಿನ ಅದರ ಸಿಪ್ಪೆಯ ಮೇಲೆ ಅಕ್ಕಿಯ ನುಚ್ಚು ಅಂಟಿದಂತೆ ಬಿಳಿಯ ಬೊಕ್ಕೆಗಳು ಕಂಡವು. ಉಸಿರಾಟದ ರಂಧ್ರಗಳು ಗಾಳಿಗಾಗಿ ಬಾಯಿ ತೆರೆದು ಹೊರಚಾಚಿದಾಗ ಆಗುವ ಬೊಕ್ಕೆಗಳಿವು. ಮೆತುಕೊಳೆಯ ಬ್ಯಾಕ್ಟೀರಿಯಾ ಒಳಹೋಗುವುದೂ ಇದೇ ಬಾಗಿಲಿನಿಂದ. ಜೊತೆಗೆ, ಬೇರಿನ ಆಳ ದಾಟಿ ಹೋದ ನೀರು ಸಾರಜನಕವನ್ನೂ ತೊಳೆದುಕೊಂಡು ಹೋಗಿದ್ದರಿಂದ ಆ ತಾಕಿನ ಎಲೆಗಳು ಉಳಿದವಕ್ಕಿಂತ ಮೊದಲೇ ಬಿಳಿಚಿಕೊಂಡಿದ್ದವು. ಅಲ್ಲಿ ಇಳುವರಿ ಹಿಂದೆ ಬಿದ್ದದ್ದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಎಣಿಕೆ.

ಗುಣಮಟ್ಟವನ್ನು ಕಣ್ಣಳತೆಗೆ ಬಿಡಬಾರದೆಂದು ಗೆಡ್ಡೆಗಳನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲಿ ಮುಳುಗಿಸಿ ಇನ್ನೊಮ್ಮೆ ತೂಗಿದೆ. ಗಾಳಿಯಲ್ಲಿನ ತೂಕವನ್ನು ಎರಡು ತೂಕಗಳ ವ್ಯತ್ಯಾಸದಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಸಿಗುತ್ತದೆ; ಅದು 1.080 ಇದ್ದರೆ ಗೆಡ್ಡೆಯಲ್ಲಿ ಒಣ ಅಂಶ ನೂರಕ್ಕೆ ಸುಮಾರು ಇಪ್ಪತ್ತು ಎಂದು ಅರ್ಥ. ಪೂರ್ತಿ ನೀರಿನ ಗೆಡ್ಡೆಗಳು ಈ ಅಂಕಿಯ ಆಸುಪಾಸಿನಲ್ಲಿದ್ದವು, ಹೆಚ್ಚುವರಿ ನೀರಿನವು ಸ್ಪಷ್ಟವಾಗಿ ಕೆಳಗೆ, ಮುಕ್ಕಾಲು ನೀರಿನವು ಕೂದಲೆಳೆಯಷ್ಟು ಮೇಲೆ. ಬೇಯಿಸಿದಾಗ ಹೆಚ್ಚುವರಿ ನೀರಿನ ಗೆಡ್ಡೆ ನೀರುನೀರಾಗಿ ಉಳಿಯಿತು, ಉಳಿದೆರಡು ಹಿಟ್ಟುಹಿಟ್ಟಾಗಿ ಅರಳಿದವು. ಬಿಲ್ಲೆ ಮಾಡಿ ಕರಿದಾಗ ಒಣ ಅಂಶ ಕಡಿಮೆಯಿದ್ದದ್ದು ಹೆಚ್ಚು ಎಣ್ಣೆ ಕುಡಿಯಿತು. ಬಿಗಿಹಿಡಿದ ನೀರಿನ ಪಕ್ಷದವರು ಹೇಳುವುದರಲ್ಲಿ ಸತ್ಯವಿರುವುದು ಇಷ್ಟು ಮಾತ್ರ. ಅರ್ಧ ನೀರಿಗೆ ಇಳಿದಾಗ ಈ ಲಾಭವೂ ಕೈಗೆ ಹತ್ತಲಿಲ್ಲ, ಏಕೆಂದರೆ ಆ ಗೆಡ್ಡೆಗಳ ಸಾಂದ್ರತೆ ಒಂದೊಂದಕ್ಕೂ ಒಂದೊಂದು ಬಗೆಯಾಗಿತ್ತು.

ಎರಡನೆಯ ಹಂಗಾಮಿನಲ್ಲಿ ನಾನು ಯೋಜಿಸದೇ ಇದ್ದ ಹೋಲಿಕೆಯೊಂದು ತಾನಾಗಿ ಒದಗಿತು. ಪೂರ್ತಿ ನೀರು ಕೊಡಬೇಕಿದ್ದ ಎರಡು ತಾಕುಗಳಲ್ಲಿ ಒಂದರ ಶೋಧಕದಲ್ಲಿ ಕಸ ಕಟ್ಟಿಕೊಂಡು, ಗೆಡ್ಡೆ ದಪ್ಪವಾಗುತ್ತಿದ್ದ ನಡುಗಾಲದಲ್ಲಿ ಒಂಬತ್ತು ದಿನ ನೀರು ಹೋಗಲಿಲ್ಲ. ಎಲೆ ಬಾಡಿದ್ದು ಕಂಡ ಮೇಲೆಯೇ ನನಗೆ ಎಚ್ಚರವಾದದ್ದು. ಗಾಬರಿಯಲ್ಲಿ ತಪ್ಪಿದ ನೀರನ್ನೆಲ್ಲ ಎರಡೇ ದಿನದಲ್ಲಿ ತುಂಬಿಕೊಟ್ಟೆ. ಹೀಗಾಗಿ ಲೆಕ್ಕದ ಪುಸ್ತಕದಲ್ಲಿ ಎರಡೂ ತಾಕುಗಳು ಕುಡಿದ ನೀರು ಒಂದೇ. ಕಿತ್ತಾಗ ನೋಡಿದರೆ ಒಂದರಲ್ಲಿ ನುಣುಪಾದ ಗೆಡ್ಡೆಗಳು. ಇನ್ನೊಂದರಲ್ಲಿ ನಡು ಸೊರಗಿ ಎರಡು ತುದಿ ಉಬ್ಬಿದವು, ಮೈಯಿಂದ ಮರಿಗಂಟು ಹೊರಟವು, ಉದ್ದಕ್ಕೆ ಸೀಳಿದವು. ದೊಡ್ಡವನ್ನು ಕೊಯ್ದಾಗ ಕೆಲವುಗಳ ನಡುವೆ ನಕ್ಷತ್ರದಾಕಾರದ ಪೊಳ್ಳು. ಬರದಿಂದ ಬೆಳವಣಿಗೆ ನಿಂತ ಗೆಡ್ಡೆ ನೀರು ಸಿಕ್ಕೊಡನೆ ಹಳೆಯ ಜಾಗದಿಂದ ಮುಂದುವರಿಯದೆ ಕಣ್ಣುಗಳ ಬಳಿ ಹೊಸದಾಗಿ ಚಿಗುರುತ್ತದೆ, ಅಥವಾ ಒಳಗಿನ ತಿರುಳು ಹಿಂದೆ ಉಳಿಯುವಷ್ಟು ಅವಸರದಲ್ಲಿ ಹಿಗ್ಗುತ್ತದೆ. ಕರಿದಾಗ ಈ ಗೆಡ್ಡೆಗಳ ತೊಟ್ಟಿನ ತುದಿ ಕಪ್ಪಾಯಿತು. ಒತ್ತಡದಲ್ಲಿ ಅಲ್ಲಿನ ಪಿಷ್ಟ ಸಕ್ಕರೆಯಾಗಿದ್ದರ ಗುರುತು ಅದು. ಒಟ್ಟು ತೂಕದಲ್ಲಿ ನಷ್ಟ ಹೆಚ್ಚಿರಲಿಲ್ಲ, ಆದರೆ ವಿಂಗಡಿಸಿ ಒಳ್ಳೆಯದೆಂದು ಎತ್ತಿಟ್ಟ ರಾಶಿ ಹಿಂದಿನ ವರ್ಷದ ಮುಕ್ಕಾಲು ನೀರಿನ ರಾಶಿಗಿಂತಲೂ ಚಿಕ್ಕದಾಗಿತ್ತು. ಏರಿಳಿತದ ಪೂರ್ತಿ ನೀರು ಮತ್ತು ನಿಯಮಿತವಾದ ಮುಕ್ಕಾಲು ನೀರು ಇವೆರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ನಾನು ಎರಡನೆಯದನ್ನು ಆರಿಸುತ್ತೇನೆ.

ನೀರು ಉಳಿಸುವ ಉಪಾಯಗಳಲ್ಲಿ ಅದೇ ಹಂಗಾಮಿನಲ್ಲಿ ಎರಡನ್ನು ಪರೀಕ್ಷಿಸಿದೆ. ಮೊದಲನೆಯದು, ಗೆಡ್ಡೆ ಕಟ್ಟುವ ಮತ್ತು ದಪ್ಪವಾಗುವ ಕಾಲದಲ್ಲಿ ಪೂರ್ತಿ ಕೊಟ್ಟು, ಎಲೆ ಹಳದಿಯಾಗತೊಡಗಿದ ಮೇಲೆ ಹಂತಹಂತವಾಗಿ ಕಡಿತ ಮಾಡುತ್ತಾ, ಕೀಳುವ ಎರಡು ವಾರ ಮುಂಚೆ ನಿಲ್ಲಿಸುವುದು. ಇದರಿಂದ ಉಳಿದದ್ದು ಒಟ್ಟು ನೀರಿನ ಹತ್ತರಲ್ಲೊಂದು ಪಾಲು; ಇಳುವರಿಯಲ್ಲಿ ತೂಗಿ ತೋರಿಸುವಂಥ ನಷ್ಟವಾಗಲಿಲ್ಲ, ಸಿಪ್ಪೆಯೂ ಬಲಿತು ಹೆಬ್ಬೆರಳಿನಿಂದ ಉಜ್ಜಿದರೆ ಸುಲಿಯದಾಯಿತು. ಕೀಳುವ ಮುನ್ನ ಒಮ್ಮೆ ತೆಳುವಾಗಿ ನೀರು ಕೊಡದಿದ್ದರೆ ಮಾತ್ರ ಒಣ ಹೆಂಟೆಗಳು ಗೆಡ್ಡೆಗೆ ಪೆಟ್ಟು ಮಾಡುತ್ತವೆ.

ಎರಡನೆಯದು ನೀರು ನಿಜವಾಗಿಯೂ ಅರ್ಧವೇ ಇದ್ದಾಗಿನ ಮಾತು. ಒಂದು ತಾಕಿನ ಪೂರ್ತಿ ವಿಸ್ತೀರ್ಣಕ್ಕೆ ಅರ್ಧ ನೀರು ಕೊಟ್ಟೆ. ಅಷ್ಟೇ ದೊಡ್ಡ ಇನ್ನೊಂದು ತಾಕಿನ ಅರ್ಧ ಭಾಗವನ್ನು ಬೀಳು ಬಿಟ್ಟು, ಬಿತ್ತಿದ ಅರ್ಧಕ್ಕೆ ಅದೇ ನೀರನ್ನು ಪೂರ್ತಿ ಅಳತೆಯಲ್ಲಿ ಹರಿಸಿದೆ. ಒಟ್ಟು ತೂಕದಲ್ಲಿ ಎರಡನೆಯ ತಾಕು ಸ್ವಲ್ಪವೇ ಮುಂದಿತ್ತು, ದಪ್ಪ ಗೆಡ್ಡೆಗಳ ರಾಶಿಯಲ್ಲಿ ಬಹಳ ಮುಂದಿತ್ತು, ಮತ್ತು ಅದಕ್ಕೆ ಬೇಕಾದ ಬಿತ್ತನೆ ಗೆಡ್ಡೆ, ಗೊಬ್ಬರ, ಮಣ್ಣೇರಿಸುವ ಕೂಲಿ ಎಲ್ಲವೂ ಅರ್ಧ. ಆಲೂಗಡ್ಡೆಯ ಖರ್ಚಿನಲ್ಲಿ ಬಿತ್ತನೆಯದೇ ದೊಡ್ಡ ಪಾಲಾದ್ದರಿಂದ ಈ ಲೆಕ್ಕ ಹೊಲದ ಅಂಚಿನಲ್ಲಿ ನಿಂತೇ ಮುಗಿಯಿತು. ಬೀಳು ಬಿಟ್ಟ ನೆಲವನ್ನು ನೋಡಿದಾಗ ಮನಸ್ಸಿಗೆ ಕಸಿವಿಸಿಯಾಗುವುದು ನಿಜ. ಈ ಸಲ ಅಲ್ಲಿ ಕಡಿಮೆ ನೀರಿನ ದ್ವಿದಳ ಧಾನ್ಯವೊಂದನ್ನು ಚೆಲ್ಲಿ, ಹನಿ ಕೊಳವೆಯನ್ನು ಆ ಕಡೆಗೆ ಎಳೆಯದೆ ಬಿಟ್ಟಿದ್ದೇನೆ.